ಬಿರುಗಾಳಿಯ ಎಡಬದಿ

ಟೀವಿಯಲ್ಲಿ ಸುದ್ದಿ ಓದುವ ಹುಡುಗಿ ನಗುಮುಖದಲ್ಲೇ ಹೇಳಿದಳು: ಅರಬ್ಬೀ ಸಮುದ್ರದ ಚಂಡಮಾರುತ ನಮ್ಮ ಕರಾವಳಿಯಿಂದ ದೂರ ಸರಿದು ಒಮಾನ್ ಕಡೆಗೆ ಹೊರಟಿದೆ, ಅಪಾಯ ತಪ್ಪಿತು. ಆಮೇಲೆ ಸೀರೆ ಅಂಗಡಿಯ ಜಾಹೀರಾತು ಬಂತು. ನಾನು ಕೈಯಲ್ಲಿದ್ದ ರಿಮೋಟನ್ನು ಸೋಫಾದ ಮೇಲೆ ಎಸೆದೆ. ಒಮಾನಿನಲ್ಲಿ ನನ್ನ ಗಂಡ ಇದ್ದ.

ಅದು 2007ರ ಜೂನ್ ತಿಂಗಳ ಮೊದಲ ವಾರ. ನಾವು ಕುವೈತ್‌ನ ಬ್ನೇದ್ ಅಲ್ ಗಾರ್‌ನಲ್ಲಿ ಒಂದು ಹಳೆಯ ಕಟ್ಟಡದ ಫ್ಲ್ಯಾಟಿನಲ್ಲಿದ್ದೆವು. ನಾನು ಅಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಭೂಗೋಳದ ಟೀಚರು. ಅವನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಉಕ್ಕಿನ ಶೆಡ್ಡು ಎಬ್ಬಿಸುವ ತಂಡದ ಸೂಪರ್‌ವೈಸರ್. ಆ ವರ್ಷ ಕಂಪನಿಗೆ ಒಮಾನಿನಲ್ಲಿ ಕೆಲಸ ಸಿಕ್ಕಿತ್ತು. ಸೂರ್ ಪಟ್ಟಣಕ್ಕೂ ಮಸ್ಕತ್‌ಗೂ ನಡುವೆ, ಸಮುದ್ರದ ದಂಡೆಯಲ್ಲಿ, ಮೀನು ಇಡುವ ಒಂದು ದೊಡ್ಡ ಕೋಲ್ಡ್ ಸ್ಟೋರೇಜ್. ಬೇಸಿಗೆ ಮುಗಿಯುವುದರೊಳಗೆ ಕಟ್ಟಿ ಕೊಡಬೇಕು ಎಂದು ಇವನನ್ನೂ ಒಂದಷ್ಟು ಕೆಲಸಗಾರರನ್ನೂ ಕಳಿಸಿದ್ದರು.

ಸುದ್ದಿ ಮುಗಿಯುವ ಮೊದಲೇ ಗದಗಿನಿಂದ ಅಕ್ಕನ ಫೋನು ಬಂತು.

"ಟೀವಿ ನೋಡಿದಿ? ಗಾಳಿ ಆ ಕಡೆ ಹೋತಂತ. ಪುಣ್ಯಾ ಬಂತು ನೋಡವಾ."

"ಅಕ್ಕಾ, ಅವ್ರು ಆ ಕಡೇನ ಅದಾರ."

"ಕುವೈತ್‌ನ್ಯಾಗ ಇಲ್ಲೇನ?"

"ಒಮಾನ್‌ನ್ಯಾಗ ಅದಾರ. ಹೋದ ತಿಂಗಳ ಹೇಳಿದ್ನಲ್ಲ."

"ಎಲ್ಲಾ ಒಂದ ಕಡೆ ಅಲ್ಲೇನ ಅದು?"

ಅಕ್ಕನ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ. ಊರಿನವರಿಗೆ ಗಲ್ಫ್ ಅಂದರೆ ಒಂದೇ ಊರು. ಗಾಳಿ ಎಲ್ಲಿಗೂ 'ಹೋಗಿಬಿಡುವುದಿಲ್ಲ', ಅದು ಇನ್ನೊಬ್ಬರ ಮನೆಗೆ ಹೋಗುತ್ತದೆ ಎಂಬುದು ಒಂದು ಚಾನೆಲ್ಲಿಗೂ ಹೊಳೆದಿರಲಿಲ್ಲ.

ಮಗಳು ಆಗ ಏಳನೇ ಕ್ಲಾಸು. ನಾನು ಹೇಳುವ ಮೊದಲೇ ಕಂಪ್ಯೂಟರ್ ಮುಂದೆ ಕೂತು ಹವಾಮಾನದ ಒಂದು ನಕಾಶೆ ತೆರೆದಿದ್ದಳು. "ಅಮ್ಮ, ಇಟ್ಸ್ ನಾಟ್ ಕಮಿಂಗ್ ಟು ಕುವೈತ್" ಎಂದಳು. ನನ್ನ ಮುಖ ನೋಡಿ, "ಈಸ್ ಅಪ್ಪ ಆನ್ ದಿಸ್ ಲೈನ್?" ಎಂದು ನಕಾಶೆಯ ಗೆರೆಯ ಮೇಲೆ ಬೆರಳಿಟ್ಟು ಕೇಳಿದಳು.

ನಕಾಶೆಯ ಮೇಲೆ ಸಮುದ್ರದ ನಡುವಿನಿಂದ ವಾಯವ್ಯಕ್ಕೆ ಒಂದು ಗೆರೆ ಎಳೆದಿದ್ದರು. ಅದು ಒಮಾನಿನ ಮೂಗನ್ನು ಸವರಿಕೊಂಡು, ಕಡಲಿನ ಮೇಲೆಯೇ ಇರಾನಿನ ಕಡೆಗೆ ಹೋಗುತ್ತಿತ್ತು. ಇವರ ಕ್ಯಾಂಪು ಗೆರೆಯ ಮೇಲೆ ಇರಲಿಲ್ಲ. ಗೆರೆಯ ಎಡಕ್ಕೆ ಇತ್ತು.

ಚಂಡಮಾರುತದ ಪಾಠವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಉತ್ತರಾರ್ಧ ಗೋಳದಲ್ಲಿ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ಸಾಗುವ ದಾರಿಯ ಬಲಬದಿ ಹೆಚ್ಚು ಅಪಾಯ, ಎಡಬದಿ ಕಡಿಮೆ. ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದ ಮಾತು. ಅವತ್ತು ಮೊದಲ ಸಲ ಆ ಸುತ್ತು ಗಂಡನ ಮೇಲೆ ಬಂದಾಗ ಏನಾಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ನೋಡಿದೆ. ಬಿರುಗಾಳಿ ಆಗ್ನೇಯದಿಂದ ಬರುತ್ತಿದೆ. ಅದರ ಮುಂದೆ, ಎಡಕ್ಕೆ ಇವನಿದ್ದಾನೆ. ಹಾಗಾದರೆ ಅಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ. ಆ ದಂಡೆಗೆ ಈಶಾನ್ಯ ಅಂದರೆ ತೆರೆದ ಸಮುದ್ರ. ಗಾಳಿ ಕಡಲನ್ನೇ ಎತ್ತಿಕೊಂಡು ದಂಡೆಗೆ ನುಗ್ಗುತ್ತದೆ. ದಂಡೆಯ ಹಿಂದೆ ಬೋಳು ಕಲ್ಲಿನ ಬೆಟ್ಟಗಳ ಸಾಲು. ನೀರು ತುಂಬಿದ ಗಾಳಿ ಬೆಟ್ಟಕ್ಕೆ ಬಡಿದರೆ ಅಲ್ಲೇ ಎಲ್ಲವನ್ನೂ ಸುರಿಯುತ್ತದೆ. ಹಾಗೆ ಸುರಿದದ್ದು ಕೆಳಗಿಳಿಯಬೇಕು.

ಇಳಿಯುವ ದಾರಿಯಲ್ಲೇ ಕ್ಯಾಂಪು ಇತ್ತು. ಹೋದ ಹೊಸದರಲ್ಲಿ ಅವನೇ ಖುಷಿಯಿಂದ ಹೇಳಿದ್ದ: ಜಾಗ ಸಪಾಟಾಗಿದೆ, ಕಾಲಡಿ ನುಣ್ಣಗಿನ ಉರುಟು ಕಲ್ಲು, ಅಲ್ಲಲ್ಲಿ ಖರ್ಜೂರದ ಮರ, ಕ್ಯಾಬಿನ್ ಇಡಲಿಕ್ಕೆ ನೆಲ ಹದ ಮಾಡುವ ಕೆಲಸವೇ ಇಲ್ಲ, ವಾದಿ ಅಂತಾರೆ ಇದಕ್ಕೆ. ವಾದಿ ಅಂದರೆ ನಮ್ಮ ಕಡೆಯ ಹಳ್ಳ. ಕಲ್ಲು ಯಾಕೆ ನುಣ್ಣಗಿವೆ ಎಂದು ಆಗ ಅವನೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ.

ಫೋನು ಹಚ್ಚಿದೆ.

"ನೀ ಸುಮ್ನ ಅಂಜತಿ. ಇಲ್ಲಿ ಬಿಸಲು ಬಿದ್ದೈತಿ. ಒಂದ ಎಲಿ ಅಲುಗವಲ್ದು."

"ನೀವು ಇರೂದು ಹಳ್ಳದಾಗ. ಬೆಣ್ಣಿಹಳ್ಳ ನೋಡಿಲ್ಲೇನ ನೀವು? ಮ್ಯಾಲೆ ಎಲ್ಲೋ ಮಳಿ ಆದ್ರ ಇಲ್ಲಿ ಬಿಸಲಾಗ ಎತ್ತು ತೇಲಿ ಹೋಗ್ತಾವ."

ನವಲಗುಂದದ ಕಡೆ ಹುಟ್ಟಿದವನಿಗೆ ಬೆಣ್ಣಿಹಳ್ಳ ಬಿಡಿಸಿ ಹೇಳಬೇಕಾಗಿಲ್ಲ. ದನಿ ತಗ್ಗಿಸಿ ಹೇಳಿದ: "ಹೋಗಬೇಕಂದ್ರ ಹೋಗಾಕ ಬರೂದಿಲ್ಲ. ಎಲ್ಲಾರ ಪಾಸ್‌ಪೋರ್ಟ್ ಕ್ಯಾಂಪ್ ಆಫೀಸಿನ ಕಪಾಟಿನ್ಯಾಗ ಅದಾವ. ಕುವೈತ್ ಆಫೀಸಿನ ಮ್ಯಾನೇಜರ್ ಹೂಂ ಅನ್ನದ ಕೊಡೂದಿಲ್ಲ. ಅಂವ ಏನಂದ ಗೊತ್ತೇನ? ಗಾಳಿ ಇರಾನ್‌ಗೆ ಹೋಗ್ತೈತಿ, ಕೆಲಸ ನಡಸ್ರಿ ಅಂದ."

"ನೀವು ಏನಂದ್ರಿ?"

"ಏನ ಅನ್ನಲಿ? ಹೂಂ ಅಂದೆ."

ಆ 'ಹೂಂ' ನನಗೆ ಹೊಸದಲ್ಲ. ಇಕಾಮಾ ಎಂಬ ವಾಸದ ಪರವಾನಗಿ ನವೀಕರಿಸುವಾಗ ಹೂಂ, ರಜೆ ಮುಂದೂಡುವಾಗ ಹೂಂ, ಸಮುದ್ರ ಮೇಲೆ ಬರುತ್ತಿದೆ ಎಂದಾಗಲೂ ಹೂಂ.

ಎದುರಿನ ಫ್ಲ್ಯಾಟಿನಲ್ಲಿ ಮಂಗಳೂರಿನ ಒಬ್ಬ ಕೊಂಕಣಿ ಹೆಂಗಸು ಇದ್ದಳು. ಆಸ್ಪತ್ರೆಯಲ್ಲಿ ನರ್ಸು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಅವಳಿಗೆ ಬರುತ್ತಿತ್ತು. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ನಾನು ಹೇಳಿದ್ದೆಲ್ಲ ಕೇಳಿ ಚಪ್ಪಲಿ ಮತ್ತೆ ಹಾಕಿಕೊಂಡಳು.

"ಫೋನಲ್ಲಿ ಹೇಳಿದ್ರೆ ಆ ಮ್ಯಾನೇಜರ್ ಕೇಳ್ಲಿಕ್ಕಿಲ್ಲ. ಎದುರು ಹೋಗಿ ಕೂತ್ರೆ ಮಾತ್ರ ಆಗುದು. ಬಾ, ಹೋಗುವ."

ಶುವೈಖ್‌ಗೆ ಹೋಗುವ ದಾರಿಯಲ್ಲಿ ಅವತ್ತು ಕೆಂಪು ಧೂಳು ಎದ್ದಿತ್ತು. ಗ್ಯಾರೇಜುಗಳ ಮುಂದೆ ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಟೈರು ಬಿಚ್ಚುತ್ತಿದ್ದರು. ಇವರ ಕಂಪನಿಯ ಆಫೀಸು ಒಂದು ಗೋದಾಮಿನ ಮಹಡಿ ಮೇಲೆ. ಮ್ಯಾನೇಜರ್ ನಮ್ಮ ರಾಜ್ಯದವನೇ, ಹಬ್ಬಕ್ಕೆ ಸಿಕ್ಕರೆ ಊಟ ಆಯ್ತಾ ಎಂದು ಕೇಳುವವನು. ನನ್ನನ್ನು ನೋಡಿ ಎದ್ದು ನಿಂತ. ಚಹಾ ತರಿಸಿದ. ಮೇಜಿನ ಮೇಲೆ ಅದೇ ನಕಾಶೆ, ಅದೇ ಗೆರೆ.

"ಮೇಡಂ, ನೀವೇ ಜಿಯಾಗ್ರಫಿ ಟೀಚರ್. ನಾನೇನು ಹೇಳ್ಲಿ? ಟ್ರ್ಯಾಕ್ ನೋಡಿ. ನಮ್ಮ ಸೈಟ್ ಲೆಫ್ಟ್ ಸೈಡಲ್ಲಿದೆ. ಲೆಫ್ಟ್ ಈಸ್ ದ ವೀಕ್ ಸೈಡ್. ಸ್ವಲ್ಪ ಗಾಳಿ ಬರುತ್ತೆ, ಖಲಾಸ್."

ನನ್ನ ಪಾಠವನ್ನೇ ನನಗೆ ಒಪ್ಪಿಸುತ್ತಿದ್ದ, ಅದೂ ಅರ್ಧ. ನಾನು ಅವನ ಪೆನ್ನು ತೆಗೆದುಕೊಂಡು ಅವನದೇ ನಕಾಶೆಯ ಮೇಲೆ ಸುತ್ತು ಬರೆದೆ, ಬಾಣ ಬರೆದೆ, ಬೆಟ್ಟ ಬರೆದೆ. "ಎಡಬದಿ ಅಂದ್ರ ಗಾಳಿ ಕಡಿಮಿ ಇರಬಹುದು ಸರ್. ಮಳಿ ಕಡಿಮಿ ಅಂತ ಯಾರು ಹೇಳಿದ್ರು? ಗೆರಿ ಅನ್ನೋದು ಅದರ ಕಣ್ಣಿನ ದಾರಿ. ಗಾಳಿ ಮೈ ಎಷ್ಟು ಅಗಲ ಐತಿ ನೋಡ್ರಿ. ನಿಮ್ಮ ಜನ ಹಳ್ಳದಾಗ ಮಲಗ್ಯಾರ."

ಅವನು ನಕಾಶೆಯನ್ನು ನಯವಾಗಿ ನನ್ನ ಕೈಯಿಂದ ಎಳೆದುಕೊಂಡ. "ನಿಮ್ಮ ಟೆನ್ಶನ್ ಅರ್ಥ ಆಗುತ್ತೆ. ಲೇಡೀಸ್‌ಗೆ ಸಹಜ. ಆದ್ರೆ ಸೈಟ್ ಖಾಲಿ ಮಾಡಿದ್ರೆ ಹ್ಯಾಂಡೋವರ್ ತಪ್ಪುತ್ತೆ. ಅಲ್ಲಿನ ಲೋಕಲ್ ಜನಾನೇ ಇನ್ನೂ ಜಾಗ ಬಿಟ್ಟು ಎದ್ದಿಲ್ಲ."

"ಎದ್ದಿಲ್ಲ ಅಂತ ನಿಮಗೆ ಹೇಳಿದವರು ಯಾರು?"

ಚಹಾ ಕುಡಿಯಿರಿ ಎಂದ. ನಾನು ಕುಡಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳತಿ, "ಇವ ಹೀಗೆಯೇ ಸುತ್ತಿಸ್ತಾನೆ" ಎಂದು ಗೊಣಗಿದಳು. ಬಾಗಿಲಲ್ಲಿ ಆಫೀಸಿನ ಮಂದಿ ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು.

ನನಗೆ ಅಷ್ಟರಲ್ಲಿ ಒಂದು ಅರ್ಥವಾಗಿತ್ತು. ಈ ಮನುಷ್ಯ 'ಬೇಡ' ಎನ್ನುತ್ತಿಲ್ಲ. ಅವನಿಗೆ ಬೇಕಾದದ್ದು ಏನನ್ನೂ ಹೇಳದೆ ಇರುವುದು. ಏನಾದರೂ ಆದರೆ ಗಾಳಿಯದು ತಪ್ಪು, ಆಗದಿದ್ದರೆ ಕೆಲಸ ನಡೆದಿರುತ್ತದೆ. ನಾನು ಹೇಳಿದೆ: "ಸರಿ ಸರ್. ಈಗ ನನ್ನ ಮುಂದೆ ಫೋನ್ ಹಚ್ಚ್ರಿ. ಸ್ಪೀಕರ್‌ಗೆ ಹಾಕ್ರಿ. ನೀವು ಹಳ್ಳದಾಗನ ಇರ್ರಿ, ಇದು ನನ್ನ ಆರ್ಡರ್ ಅಂತ ಅವರಿಗೆ ಬಾಯಿಬಿಟ್ಟು ಹೇಳ್ರಿ. ಇಷ್ಟೂ ಜನ ಕೇಳಲಿ. ಆಮ್ಯಾಲೆ ನಾ ಎದ್ದು ಹೋಗ್ತೀನಿ."

ಅವನ ಮುಖದ ನಗು ಆಗ ಹೋಯಿತು. ಬಾಗಿಲಲ್ಲಿ ನಿಂತವರನ್ನು ನೋಡಿದ. "ಯಲ್ಲಾ, ಕೆಲಸ ನೋಡ್ಕೊಳಿ" ಎಂದ. ಯಾರೂ ಕದಲಲಿಲ್ಲ. ಕೊನೆಗೆ ಫೋನು ಹಚ್ಚಿದ. ಆ ಕಡೆಯಿಂದ ನನ್ನ ಗಂಡ "ಸರ್" ಎಂದ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, "ಸೂಪರ್‌ವೈಸರ್ ನೀವು. ಅಲ್ಲಿನ ಸಿಚುಯೇಶನ್ ನೋಡಿ ನಿಮಗೆ ತಿಳಿದ ಹಾಗೆ ಮಾಡಿ" ಎಂದ.

ನಾನು ಮೇಜಿನ ಮೇಲೆ ಬಾಗಿ ಕೂಗಿದೆ: "ಕೇಳಿದ್ರಿಲ್ಲ? ನಿಮಗ ತಿಳಿದಂಗ ಮಾಡ್ರಿ ಅಂದಾರ. ಪಾಸ್‌ಪೋರ್ಟ್ ತೊಗೊಂಡು ಎಲ್ಲಾರನ್ನೂ ಕರಕೊಂಡು ಮ್ಯಾಲೆ ಹೋಗ್ರಿ."

ಅವರು ಹೋದರು. ಊರ ಹೊರಗಿನ ಎತ್ತರದಲ್ಲಿ ಒಂದು ಸರ್ಕಾರಿ ಶಾಲೆ. ಅಲ್ಲಿನ ಜನರೂ ಆಗಲೇ ಹಾಸಿಗೆ ಕಟ್ಟಿಕೊಂಡು, ಮೇಕೆಗಳನ್ನು ಎಳೆದುಕೊಂಡು ಅಲ್ಲಿಗೆ ಬರುತ್ತಿದ್ದರಂತೆ. ಲೋಕಲ್ ಜನ ಎದ್ದಿಲ್ಲ ಎಂದಿದ್ದನಲ್ಲ ಆ ಮಹಾನುಭಾವ. ಶಾಲೆ ಸೇರಿದೆವು ಎಂದು ಹೇಳಿ ಗಂಡ ಫೋನಿಟ್ಟ. ಆಮೇಲೆ ಲೈನು ಸತ್ತಿತು.

ಕಾಯುವ ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಶಾಲೆಗೆ ಹೋಗುತ್ತಿದ್ದೆ, ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಒಬ್ಬಳು, ನೀವು ಪಾಸಿಟಿವ್ ಆಗಿ ಯೋಚನೆ ಮಾಡಿ ಎಂದಳು. ನಾನು ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಹಾಗೆ ಹೇಳಬೇಡಿ ಎಂದೆ. ಮನೆಯಲ್ಲಿ ನಮ್ಮ ಚಾನೆಲ್ಲುಗಳು ಚಂಡಮಾರುತವನ್ನು ಮರೆತು ಬೇರೇನೋ ತೋರಿಸುತ್ತಿದ್ದವು. ಅರಬ್ಬಿ ಚಾನೆಲ್ಲಿನಲ್ಲಿ ಮಾತ್ರ ಕಂದು ನೀರು, ಅದರಲ್ಲಿ ತೇಲುವ ಕಾರುಗಳು, ಮುರಿದ ರಸ್ತೆ. ಗಾಳಿಗಿಂತ ನೀರೇ ಹೆಚ್ಚು. ನಾನು ಬರೆದ ಬಾಣಗಳು ಒಂದೂ ತಪ್ಪಿರಲಿಲ್ಲ. ಅದರಿಂದ ನನಗೆ ಏನೂ ಸಂತೋಷವಾಗಲಿಲ್ಲ. ಮಗಳು ನನ್ನ ಪಕ್ಕ ಕೂತು ಒಂದೊಂದು ಊರಿನ ಹೆಸರು ಬಂದಾಗಲೂ, "ದ್ಯಾಟ್ಸ್ ನಾಟ್ ಅಪ್ಪಾಸ್ ಪ್ಲೇಸ್" ಎನ್ನುತ್ತಿದ್ದಳು.

ಕೊನೆಗೆ ಯಾರದೋ ಫೋನಿನಿಂದ ಅವನ ದನಿ ಬಂತು. ಬದುಕಿದ್ದೀವಿ ಎಂದ. ವಾದಿಯ ನೀರು ಕ್ಯಾಂಪನ್ನು ಗುಡಿಸಿಕೊಂಡು ಹೋಗಿತ್ತು. ಒಂದು ಕ್ಯಾಬಿನ್ ತಲೆಕೆಳಗಾಗಿ ಖರ್ಜೂರದ ಮರಗಳಿಗೆ ಸಿಕ್ಕಿಕೊಂಡಿತ್ತು, ಉಳಿದವು ಸಮುದ್ರಕ್ಕೆ ಹೋಗಿದ್ದವು. ಎಬ್ಬಿಸಿದ ಕಂಬಗಳು ಬಾಗಿದ್ದವು. "ಒಬ್ಬ ಮಾತ್ರ ಕೆಳಗ ಉಳಿದಿದ್ದ, ಕ್ರೇನ್ ಡ್ರೈವರ್" ಎಂದ. "ಅವನೂ ಸಿಕ್ಕಾನ. ಆಸ್ಪತ್ರಿಯಾಗ ಅದಾನ."

ಆ ಡ್ರೈವರ್ ಮುಲ್ತಾನ್ ಕಡೆಯವನು. ನೀರು ಏರಿದಾಗ ಕ್ರೇನಿನ ತೋಳಿನ ಮೇಲೆ ಹತ್ತಿ, ಬೆಲ್ಟಿನಿಂದ ತನ್ನನ್ನು ತಾನೇ ಕಟ್ಟಿಕೊಂಡು, ನೀರು ಇಳಿಯುವ ತನಕ ಅಲ್ಲೇ ಇದ್ದ. ಯಾವುದೋ ಮರದ ತುಂಡು ಬಡಿದು ಕಾಲು ಜಜ್ಜಿಹೋಗಿತ್ತು. ಅವನು ಯಾಕೆ ಕೆಳಗೆ ಉಳಿದ ಎಂದು ಕೇಳಿದೆ. ಗಂಡ, ಲೈನ್ ಸರಿ ಇಲ್ಲ ಎಂದು ಇಟ್ಟುಬಿಟ್ಟ.

ಕುವೈತ್‌ಗೆ ಮರಳಿದ ಮೇಲೆ ಅವನು ನನ್ನ ಮೇಲೆಯೇ ಸಿಟ್ಟಾಗಿದ್ದ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆಫೀಸಿನಲ್ಲಿ ಇವನನ್ನು ನೋಡಿ, ಇವರ ಮನೆಯಲ್ಲಿ ಮೇಡಂ ಸೂಪರ್‌ವೈಸರ್ ಎಂದು ಹಾಸ್ಯ ಮಾಡುತ್ತಿದ್ದರಂತೆ. ಸೈಟಿನಿಂದ ತೆಗೆದು ಸಾಮಾನು ಎಣಿಸುವ ಯಾರ್ಡಿಗೆ ಹಾಕಿದ್ದರು.

"ನೀ ಅಲ್ಲಿ ಹೋಗಿ ಕೂಡಬಾರದಿತ್ತು. ನನ್ನ ಮರ್ಯಾದಿ ಏನ ಉಳೀತು?"

"ಮರ್ಯಾದಿ ಉಳಿಸ್ಕೊಂಡು ಸಮುದ್ರದಾಗ ಇರ್ತಿದ್ರಿ."

"ನಿನಗ ಎಲ್ಲಾ ಗೊತ್ತಿಲ್ಲ."

"ಗೊತ್ತಿಲ್ಲದ್ದು ಏನೈತಿ ಹೇಳ್ರಿ."

ಪಾತ್ರೆ ಎತ್ತಿಟ್ಟು ಎದ್ದು ಹೋದ. ಇಡೀ ಬೇಸಿಗೆ ಹಾಗೆಯೇ ಕಳೆಯಿತು. ಒಂದೇ ಫ್ಲ್ಯಾಟಿನಲ್ಲಿ ಇಬ್ಬರು, ಊಟಕ್ಕೆ ಬೇಕಾದಷ್ಟೇ ಮಾತು.

ನವೆಂಬರಿನಲ್ಲಿ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದರು. ಒಂದು ಶಾಲೆಯ ಸಭಾಂಗಣ, ಮಕ್ಕಳ ಡಾನ್ಸು, ಬಿಸಿಬೇಳೆಬಾತು. ನಡುವೆ ಸನ್ಮಾನಗಳಿದ್ದವು. ನಿರೂಪಕ ಮ್ಯಾನೇಜರನ ಹೆಸರು ಕರೆದ. ಒಮಾನಿನ ಚಂಡಮಾರುತದಲ್ಲಿ ದೂರದೃಷ್ಟಿಯಿಂದ ತನ್ನ ನೌಕರರೆಲ್ಲರ ಜೀವ ಉಳಿಸಿದ ಹೆಮ್ಮೆಯ ಕನ್ನಡಿಗ ಎಂದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವನು ಕೈಮುಗಿದು, ನಾನೇನೂ ಮಾಡಿಲ್ಲ, ಕರ್ತವ್ಯ ಮಾಡಿದೆ ಎಂದ. ನಾನೇನೂ ಮಾಡಿಲ್ಲ ಎಂಬುದು ಅವನು ಆಡಿದ ಒಂದೇ ನಿಜ.

ನಾನು ಎದ್ದು ನಿಂತೆ. ಮೈಕು ಇರಲಿಲ್ಲ, ಟೀಚರಿಗೆ ಮೈಕು ಬೇಕಾಗಿಲ್ಲ. "ಕ್ರೇನ್ ಮ್ಯಾಲೆ ಕುಂತಿದ್ದ ಮನುಷ್ಯಾನ ಜೀವ ಯಾರು ಉಳಿಸಿದ್ರು, ಅದನ್ನೂ ಹೇಳ್ರಿ" ಎಂದೆ.

ಮುಂದಿನ ಸಾಲಿನವರು ತಿರುಗಿ ನೋಡಿದರು. ನಿರೂಪಕ ಗಡಿಬಿಡಿಯಲ್ಲಿ ಮುಂದಿನ ಡಾನ್ಸನ್ನು ಕರೆದ. ಹಾಡು ಜೋರಾಗಿ ಶುರುವಾಯಿತು. ನನ್ನ ನರ್ಸು ಗೆಳತಿ ಒಬ್ಬಳೇ ಎದ್ದು ಬಂದು ನನ್ನ ಪಕ್ಕ ನಿಂತಳು. ಗಂಡ ತಲೆ ತಗ್ಗಿಸಿ ಕೂತೇ ಇದ್ದ.

ಮನೆಗೆ ಬರುವಾಗ ಕಾರಿನಲ್ಲಿ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸಮುದ್ರದ ಪಕ್ಕದ ರಸ್ತೆಯಲ್ಲಿ ಅವನು ಕಾರನ್ನು ಬದಿಗೆ ಹಾಕಿ ನಿಲ್ಲಿಸಿದ. ಸ್ಟೀರಿಂಗಿನ ಮೇಲಿನ ಕೈ ತೆಗೆಯಲಿಲ್ಲ.

"ನೀ ಆಫೀಸಿನಿಂದ ಹೋದ ಮ್ಯಾಲೆ ಅಂವ ಮತ್ತ ಫೋನ್ ಮಾಡಿದ. ಕ್ರೇನ್ ಬಾಡಗಿದು, ಒಬ್ಬನ್ನ ಕಾವಲಿಗೆ ಬಿಡು ಅಂದ."

"ನೀವು ಏನಂದ್ರಿ?"

ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು.

"ಹೂಂ ಅಂದೆ. ನಾನ ಹೋಗಿ ಅವಂಗ ಹೇಳಿದೆ. ಭಾಯಿ, ನೀ ಇರು, ಸಂಜೀಕ ಬಂದು ಕರಕೊಂಡ ಹೋಗ್ತೀನಿ ಅಂತ. ಸಂಜೀಕ ದಾರಿನ ಇರಲಿಲ್ಲ."

ಅವತ್ತಿನವರೆಗೆ ನನ್ನ ಸಿಟ್ಟಿಗೆ ಒಂದು ದಿಕ್ಕಿತ್ತು: ಟೀವಿಯ ಹುಡುಗಿ, ಮ್ಯಾನೇಜರ್, ಸಮಾಧಾನ ಹೇಳುವ ಜನ. ಈಗ ಅದು ನನ್ನ ಪಕ್ಕದ ಸೀಟಿಗೆ ಬಂದು ಕೂತಿತ್ತು. ಬೆಣ್ಣಿಹಳ್ಳ ಕಂಡವನು, ನಾನು ಹೇಳಿದ್ದನ್ನು ನಂಬಿದವನು, ಉಳಿದವರನ್ನೆಲ್ಲ ಎತ್ತರಕ್ಕೆ ಹತ್ತಿಸಿದವನು, ಒಬ್ಬನನ್ನು ಹಳ್ಳದಲ್ಲಿ ನಿಲ್ಲಿಸಿ ಬಂದಿದ್ದ. ಗೊತ್ತಿಲ್ಲದೆ ಅಲ್ಲ.

"ಎಲ್ಲಾರ ಮುಂದ ಇದನ್ನ ಹೇಳ್ತೀರೇನು?" ಎಂದು ಕೊನೆಗೆ ಕೇಳಿದೆ.

"ಯಾರ ಮುಂದ?"

"ಮೊದಲ ಕಂಪನಿ ಮಾಲಕರ ಮುಂದ."

ಹೋದ. ಅದನ್ನು ಅವನ ಲೆಕ್ಕಕ್ಕೆ ನಾನು ಬರೆದುಕೊಳ್ಳಲೇಬೇಕು. ಮರುವಾರ ಕಂಪನಿ ಮಾಲಕನಾದ ಕಫೀಲನ ದಿವಾನಿಯಾಕ್ಕೆ, ಅಂದರೆ ಅತಿಥಿಗಳನ್ನು ಕೂರಿಸುವ ಅವನ ಹಜಾರಕ್ಕೆ, ಒಬ್ಬನೇ ಹೋಗಿ ಮ್ಯಾನೇಜರ್ ಹೇಳಿದ್ದನ್ನೂ ತಾನು ಹೂಂ ಅಂದದ್ದನ್ನೂ ಹೇಳಿದ. ಮುದುಕ ಕಫೀಲ್ ಪೂರ್ತಿ ಕೇಳಿದನಂತೆ, ಅರಬ್ಬಿ ಕಾಫಿ ಕಾವಾ ಕುಡಿಸಿದನಂತೆ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಮುಂದಿನ ವರ್ಷ ಅವನಿಗೆ ಬಡ್ತಿ ಬಂತು. ನನ್ನ ಗಂಡನಿಗೆ ರಿಲೀಸ್ ಕೊಟ್ಟು ಬೇರೆ ಕೆಲಸ ನೋಡಿಕೋ ಎಂದರು. ಡ್ರೈವರಿನ ವೀಸಾ ಅಷ್ಟರಲ್ಲಾಗಲೇ ಖಲಾಸ್ ಆಗಿತ್ತು. ಕುಂಟುವ ಕಾಲಿನೊಂದಿಗೆ ಅವನನ್ನು ಊರಿಗೆ ಕಳಿಸಿದ್ದರು.

ಬೇರೆ ಕಂಪನಿಯಲ್ಲಿ ಗಂಡ ಹಲವು ವರ್ಷ ದುಡಿದ. ಅಲ್ಲಿ ಅವನು ಹೂಂ ಅನ್ನುವುದು ಕಡಿಮೆಯಾಯಿತು, ಅದಕ್ಕೆ ಬೈಸಿಕೊಂಡದ್ದೂ ಇದೆ. ಮುಲ್ತಾನಿನ ಮನುಷ್ಯನ ನಂಬರನ್ನು ಯಾರಿಂದಲೋ ಪಡೆದು ಪ್ರತಿ ಈದ್‌ಗೆ ಫೋನು ಮಾಡುತ್ತಿದ್ದ. ಮೊದಲ ಸಲ ಆ ಕಡೆಯವನು ಇವನ ದನಿ ಗುರುತಿಸಿ ಫೋನು ಇಟ್ಟುಬಿಟ್ಟ. ಎರಡನೆಯ ವರ್ಷ ಎತ್ತಿ ಮಾತಾಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಗಂಡ ಹರಕು ಹಿಂದಿಯಲ್ಲಿ ಮಾಫಿ ಕೇಳಿದ. ಅವನು ಮಾಫ್ ಮಾಡಿದೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಅನ್ನಲಿಲ್ಲ. ಸಂಜೆಗೆ ಬರುತ್ತೀನಿ ಅಂದಿದ್ದೆಯಲ್ಲ ಭಾಯಿ, ನಾನು ಮೇಲಿನಿಂದ ರಸ್ತೆಯನ್ನೇ ನೋಡುತ್ತಿದ್ದೆ ಎಂದ.

ಗಂಡ ಫೋನು ಹಿಡಿದುಕೊಂಡೇ ಕೂತಿದ್ದ. ಅವನ ಹೆಗಲ ಮೇಲೆ ಕೈ ಇಡಬಹುದಿತ್ತು. ಇಡಲಿಲ್ಲ. ಅವನನ್ನು ಬಿಟ್ಟು ಹೋಗಲೂ ಇಲ್ಲ. ತಟ್ಟೆ ಹಾಕಿ ಊಟಕ್ಕೆ ಕರೆದೆ.